ಮೇಸ್ತ್ರಿ ಒಲ್ಮೆದೊ ನನ್ನ ಹೊಸ ಗಾಡಿಯಿಂದ ಹಾರಿದ್ದರ ಬಗ್ಗೆ

ಹೆಸರು: ಲುಸಿಲಾ ವೆರ್ದೆಸೊಟೊ ಗಾಯ್ಬೊರ್. ವಯಸ್ಸು: 54 ವರ್ಷ. ಉದ್ಯೋಗ: ಚೀಸ್ ತಯಾರಿಕೆ ಮತ್ತು ಮಾರಾಟ. ವಾಸ: ಸಂತೆ ಚೌಕದ ಹಿಂದಿನ ಬೀದಿ, ಸಾನ್ ಮಿಗೆಲ್ ಪಟ್ಟಣ, ಬೊಲೀವಾರ್ ಪ್ರಾಂತ್ಯ, ಎಕ್ವಡಾರ್.

ದಿನಾಂಕ 18-05-2024ರ ಶನಿವಾರ ನಡೆದ ಘಟನೆಯ ಬಗ್ಗೆ ಗ್ಯಾರೇಜ್ ಮಾಲೀಕ ಒಲ್ಮೆದೊ ಯಾನೆಸ್, 61 ವರ್ಷ, ಎಂಬವರು ನನ್ನ ಮೇಲೆ ಕೊಟ್ಟಿರುವ ದೂರನ್ನು ಈ ದಿನ ಠಾಣೆಯಲ್ಲಿ ನನಗೆ ಓದಿ ಹೇಳಲಾಯಿತು. ಅದಕ್ಕೆ ಉತ್ತರವಾಗಿ, ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಇಪ್ಪತ್ತೆರಡು ವರ್ಷಗಳಿಂದ ವಾರಕ್ಕೆ ಎರಡು ಸಲ ಚೀಸ್ ತುಂಬಿಕೊಂಡು ಸಾನ್ ಮಿಗೆಲ್‌ನಿಂದ ಕೆಳಗಿನ ಬಾಲ್ಸಾಪಂಬಾಕ್ಕೆ ಗಾಡಿ ಓಡಿಸುತ್ತೇನೆ. ಆ ಇಳಿಜಾರಿನ ತಿರುವುಗಳು ನನಗೆ ಬಾಯಿಪಾಠ. ನಮ್ಮ ಮನೆಯಲ್ಲಿ ಹದಿಮೂರು ವರ್ಷ ಒಂದೇ ಗಾಡಿ ಇತ್ತು, ಏಳು ಸೀಟಿನದು. ವಾರದ ದಿನಗಳಲ್ಲಿ ಅದರಲ್ಲಿ ಚೀಸ್, ಭಾನುವಾರ ನಮ್ಮ ತಾಯಿ ಎರ್ಮೆಲಿಂದಾ. ಅವರಿಗೆ ಮಂಡಿ ನೋವಿತ್ತು. ಬಾಲ್ಸಾಪಂಬಾದ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಹಿತ ಎನ್ನುತ್ತಿದ್ದರು.

ದಿನಾಂಕ 03-03-2023ರ ಶುಕ್ರವಾರ ಸದರಿ ಒಲ್ಮೆದೊ ಅವರ ಗ್ಯಾರೇಜಿನಲ್ಲಿ ಆ ಗಾಡಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದೆವು. ಹಾಕಿದ್ದೇನೆ ಎಂದು ಅವರು ಹೇಳಿದರು. ಬಿಚ್ಚಿ ನೋಡಲಿಲ್ಲ. ಒಲ್ಮೆದೊ ನನ್ನ ತಂಗಿ ಪಿಯೆದಾದ್‌ಳ ಮಗನಿಗೆ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವರು. ಅಂಥವರ ಕೆಲಸವನ್ನು ಬಿಚ್ಚಿ ನೋಡುವುದು ನಮ್ಮಲ್ಲಿ ಇಲ್ಲ.

ಅದಾದ ಒಂಬತ್ತನೇ ದಿನ, ಭಾನುವಾರ, ಬೆಳಿಗ್ಗೆ 11 ಗಂಟೆ ಸುಮಾರಿಗೆ ಪಿಯೆದಾದ್ ತಾಯಿಯನ್ನು ಕೂರಿಸಿಕೊಂಡು ಹೊಳೆಗೆ ಹೊರಟಳು. ಒಲ್ಮೆದೊ ಅವರ ಗ್ಯಾರೇಜಿನಿಂದ 9 ಕಿಲೋಮೀಟರ್ ಕೆಳಗಿನ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಎಡಕ್ಕೆ ಪ್ರಪಾತ, ಬಲಕ್ಕೆ ಬಂಡೆ. ಅವಳು ಬಂಡೆಯ ಕಡೆಗೆ ತಿರುಗಿಸಿದಳು. ತಾಯಿ ಕೂತಿದ್ದದ್ದು ಅವಳ ಬಲಗಡೆ. ಅವರಿಗೆ 79 ವರ್ಷವಾಗಿತ್ತು.

ಜಜ್ಜಿಹೋದ ಗಾಡಿಯನ್ನು ಎತ್ತಿ ತಂದದ್ದು ಒಲ್ಮೆದೊ. ನಮ್ಮ ಪಟ್ಟಣದಲ್ಲಿ ಕ್ರೇನ್ ಇರುವುದು ಅವರ ಬಳಿ ಮಾತ್ರ. ತನಿಖೆಗೆ ಬಂದವರು ಮೂರನೇ ದಿನ ನೋಡುವಾಗ ಮುಂದಿನ ಎರಡೂ ಚಕ್ರ ಬಿಚ್ಚಿಯಾಗಿತ್ತು, ಪ್ಯಾಡುಗಳು ಇರಲಿಲ್ಲ. ಚಾಲಕಿಯ ತಪ್ಪು ಎಂದು ವರದಿಯಾಯಿತು. ಒಲ್ಮೆದೊ ನಮ್ಮ ತಾಯಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಶವದ ಮುಂದೆ ಕೂತು ಕಾಫಿ ಕುಡಿಯುತ್ತಾ, ನಾನು ಅಡುಗೆಮನೆಯಲ್ಲಿ ಇದ್ದೇನೆಂದು ತಿಳಿಯದೆ, "ಪಾಪ, ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿಬಿಟ್ಟಿದ್ದಾಳೆ. ಹೆಂಗಸ್ರು ಗಾಬರಿ ಬಿದ್ರೆ ಅಷ್ಟೇ," ಎಂದು ಹೇಳಿದರು. ನಾಲ್ಕು ದಿನಗಳಲ್ಲಿ ಆ ಮಾತು ಸಂತೆಯನ್ನೆಲ್ಲ ಸುತ್ತಿತು. ಅಂದಿನಿಂದ ನನ್ನ ತಂಗಿ ಗಾಡಿ ಮುಟ್ಟಲಿಲ್ಲ. ಆ ತಿರುವಿನ ಬಗ್ಗೆ ನನ್ನ ಬಳಿ, ಅವಳ ಗಂಡನ ಬಳಿ, ಪಾದ್ರಿಗಳ ಬಳಿ ಕೂಡ ಒಂದು ಮಾತನ್ನೂ ಆಡಲಿಲ್ಲ.

ಹದಿಮೂರು ತಿಂಗಳು ನಾನು ಬಾಡಿಗೆ ಗಾಡಿಯಲ್ಲಿ ಚೀಸ್ ಸಾಗಿಸಿದೆ. ದಿನಾಂಕ 27-04-2024ರಂದು ಅದೇ ಕಂಪನಿಯ, ಅದೇ ಹೆಸರಿನ, ಒಬ್ಬರು ಓಡಿಸಿ ಬಿಟ್ಟ, ಹಳೆಯದಕ್ಕಿಂತ ಹನ್ನೊಂದು ವರ್ಷ ಹೊಸ ಮಾದರಿಯ ಗಾಡಿ ಕೊಂಡೆ. ಗಾಡಿಯ ಸ್ಥಿತಿ ಹೇಗಿತ್ತು ಎಂದು ಅಧಿಕಾರಿಗಳು ಕೇಳಿದ್ದರಿಂದ ಹೇಳುತ್ತೇನೆ. ಬಹಳ ಒಳ್ಳೆಯ ಗಾಡಿ. ಕೀಲಿ ತಿರುಗಿಸುವುದಿಲ್ಲ, ಗುಂಡಿ ಒತ್ತುವುದು. ಹಿಂದಿನ ಬಾಗಿಲು ತಾನಾಗಿ ಏಳುತ್ತದೆ, ತಾನಾಗಿ ಇಳಿಯುತ್ತದೆ. ಕೊನೆಯ ಸಾಲು ಮಡಚಿದರೆ ಚೀಸಿನ ಹನ್ನೆರಡು ಪೆಟ್ಟಿಗೆ ಹಿಡಿಯುತ್ತವೆ, ಹಳೆಯದರಲ್ಲಿ ಎಂಟು. ಹಿಂದಕ್ಕೆ ತೆಗೆಯುವಾಗ ಪರದೆಯ ಮೇಲೆ ನಮ್ಮ ನಾಯಿಯೂ ಕಾಣಿಸುತ್ತದೆ. ಸೀಟು ಬೆಚ್ಚಗಾಗುತ್ತದೆ. ತಾಯಿಯ ಮಂಡಿಗೆ ಅದು ಹಿತವಾಗುತ್ತಿತ್ತು. ಹಳೆಯ ಗಾಡಿಯಲ್ಲಿ ಮಾತಾಡಬೇಕಾದರೆ ಕೂಗಬೇಕಿತ್ತು. ಇದರಲ್ಲಿ ಕಿಟಕಿ ಏರಿಸಿದರೆ ಎಂಜಿನ್ ಸದ್ದೂ ಇಲ್ಲ. ಮೊದಲ ದಿನ ಪಿಯೆದಾದ್ ಕೊನೆಯ ಸಾಲಿನ ಮೂಲೆಯಲ್ಲಿ ಕೂತು ಸದ್ದಡಗಿಸಿ ಅಳುತ್ತಿದ್ದದ್ದು ನನಗೆ ಮುಂದಿನ ಸೀಟಿಗೆ ಕೇಳಿಸಿತು. ಗಾಡಿಯ ಬಗ್ಗೆ ನನಗೆ ಮೊದಲು ಅನಿಸಿದ್ದು ಇದೇ.

ಮರುದಿನ ಭಾನುವಾರ ಪಾದ್ರಿಗಳು ಬಂದು ಗಾಡಿಗೆ ತೀರ್ಥ ಚಿಮುಕಿಸಿ ಆಶೀರ್ವದಿಸಿದರು. ನೆರೆಹೊರೆಗೆ ಹುರಿದ ಹಂದಿಮಾಂಸ, ಮೆಕ್ಕೆಜೋಳದ ರೊಟ್ಟಿ ಮಾಡಿಸಿದ್ದೆ. ಕರೆಯದಿದ್ದರೂ ಒಲ್ಮೆದೊ ಬಂದರು. ಎರಡು ತಟ್ಟೆ ತಿಂದರು. ಆಮೇಲೆ ಬಾನೆಟ್ ತಟ್ಟಿ, ಎಲ್ಲರಿಗೂ ಕೇಳುವಂತೆ, "ಈ ಸಲ ಒಳ್ಳೇ ಕೈಗೆ ಸಿಕ್ಕಿದ್ದಾಳೆ ಬಿಡಿ ಈ ಹುಡುಗಿ," ಎಂದರು. ಪಿಯೆದಾದ್ ಆಗ ಒಲ್ಮೆದೊ ತಟ್ಟೆಗೆ ಇನ್ನಷ್ಟು ರೊಟ್ಟಿ ಹಾಕುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ಬಡಿಸುತ್ತಲೇ ಇದ್ದಳು. ಈ ಮನುಷ್ಯನನ್ನು ಬಿಡಬಾರದು ಎಂದು ನಾನು ತೀರ್ಮಾನ ಮಾಡಿದ್ದು ಆಗ, ಮಧ್ಯಾಹ್ನ 2 ಗಂಟೆ ಸುಮಾರಿಗೆ.

ದಿನಾಂಕ 06-05-2024ರಂದು ನಾನು ಗಾಡಿಯನ್ನು ಗ್ವರಾಂಡಾ ಪಟ್ಟಣದ ಒಬ್ಬ ಮೆಕ್ಯಾನಿಕ್ ಬಳಿ ಒಯ್ದೆ. ಅವರ ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಕೊಟ್ಟಿದ್ದೇನೆ. ಮುಂದಿನ ಚಕ್ರಗಳ ನಾಲ್ಕು ಬ್ರೇಕ್ ಪ್ಯಾಡುಗಳೂ ಸವೆದಿವೆ, ಬದಲಾಯಿಸಲೇಬೇಕು ಎಂದರು. ಬದಲಾಯಿಸುವುದು ಬೇಡ, ಪ್ರತಿಯೊಂದರ ಹಿಂಬದಿಗೂ ಮೊಳೆಯಿಂದ ಒಂದು ಗುರುತು ಗೀರಿ ಹಾಗೇ ಕೂರಿಸಿ ಎಂದೆ. ಅವರು ನನ್ನ ಮುಖ ನೋಡಿ, ಯಾಕೆಂದು ಕೇಳದೆ ಗೀರಿಕೊಟ್ಟರು. ಮರುದಿನ ಗಾಡಿಯನ್ನು ಒಲ್ಮೆದೊ ಅವರಿಗೆ ಒಪ್ಪಿಸಿ, ಹೊಸ ಪ್ಯಾಡ್ ಹಾಕಿ ಎಂದೆ. 8ನೇ ತಾರೀಕು ಸಂಜೆ 4 ಗಂಟೆಗೆ ಅವರು ಗಾಡಿ ಕೊಟ್ಟರು. "ನಾನೇ ಕೈಯಾರೆ ಹಾಕಿದ್ದೀನಿ ಲುಸಿಲಮ್ಮ. ಕಣ್ಣು ಮುಚ್ಚಿ ಓಡಿಸಿ," ಎಂದರು. 10ನೇ ತಾರೀಕು ಗ್ವರಾಂಡಾದಲ್ಲಿ ನನ್ನೆದುರೇ ಚಕ್ರ ಬಿಚ್ಚಿಸಿದೆ. ಅದೇ ನಾಲ್ಕು ಪ್ಯಾಡುಗಳು, ಹಿಂದೆ ಅದೇ ಗುರುತು. ಪ್ಯಾಡುಗಳ ಮುಖವನ್ನು ಉಜ್ಜಿ, ಅಂಚಿಗೆ ಕಪ್ಪು ಬಣ್ಣ ಬಳಿದಿದ್ದರು. ಫೋಟೊಗಳನ್ನು ಹಾಜರುಪಡಿಸಿದ್ದೇನೆ. ಅಲ್ಲೇ ಹೊಸ ಪ್ಯಾಡ್ ಹಾಕಿಸಿಕೊಂಡೆ. ಇದು ಒಲ್ಮೆದೊ ಅವರಿಗೆ ತಿಳಿದಿರಲಿಲ್ಲ.

ಅಂದೇ ಠಾಣೆಗೆ ಯಾಕೆ ಬರಲಿಲ್ಲ ಎಂದು ಅಧಿಕಾರಿಗಳು ಕೇಳುತ್ತಾರೆ. ಬಂದಿದ್ದರೆ ಈ ಗಾಡಿಯ ಪ್ಯಾಡಿಗೆ ಅವರು ಕ್ಷಮೆ ಕೇಳಿ, ಹೊಸದು ಹಾಕಿಕೊಟ್ಟು ಮನೆಗೆ ಹೋಗುತ್ತಿದ್ದರು. ನನಗೆ ಬೇಕಿದ್ದದ್ದು ಅದಲ್ಲ. ಮುಂದಿನ ಒಂದು ವಾರದಲ್ಲಿ ನಾನೊಬ್ಬಳೇ ನಾಲ್ಕು ಸಲ ಆ ಇಳಿಜಾರಿನಲ್ಲಿ ಇಳಿದು, ಯಾವ ತಿರುವಿನಲ್ಲಿ ಎಷ್ಟು ವೇಗದಲ್ಲಿ ಎಷ್ಟು ದೂರಕ್ಕೆ ಗಾಡಿ ನಿಲ್ಲುತ್ತದೆ ಎಂದು ನೋಡಿಕೊಂಡೆ.

ದಿನಾಂಕ 18-05-2024ರ ಶನಿವಾರ ಬೆಳಿಗ್ಗೆ 10 ಗಂಟೆಗೆ ನಾನು ಹೊರಡುವಾಗ ಪಿಯೆದಾದ್ ಕೈಯಲ್ಲಿ ಮೆಕ್ಕೆಜೋಳದ ಹಿಟ್ಟು ಮೆತ್ತಿಕೊಂಡೇ ಬಂದು ಹಿಂದಿನ ಸೀಟಿನಲ್ಲಿ ಕೂತಳು. ನಾನು ಏನೂ ಹೇಳಿರಲಿಲ್ಲ. ಅವಳು ಏನೂ ಕೇಳಲಿಲ್ಲ. 10.20ಕ್ಕೆ ಗ್ಯಾರೇಜ್ ತಲುಪಿದೆವು. ಅಲ್ಲಿ ಟೈರ್ ಹಾಕಿಸುತ್ತಿದ್ದ ಬಸ್ ಚಾಲಕ ಅಬ್ದೊನ್ ಮತ್ತು ಇನ್ನೂ ನಾಲ್ವರಿದ್ದರು. ಒಲ್ಮೆದೊ ಕಿಟಕಿಗೆ ಬಗ್ಗಿ, "ಏನಮ್ಮ ಪಿಯೆದಾದ್, ಹಿಂದೇನೇ ಕೂತಿದ್ದೀಯ? ಒಳ್ಳೇದು ಬಿಡು. ಅಲ್ಲಿಗೆ ಪೆಡಲ್ ಎಟಕಲ್ಲ," ಎಂದರು. ನಾಲ್ವರೂ ನಕ್ಕರು. ಅಬ್ದೊನ್ ನಗಲಿಲ್ಲ.

ಬ್ರೇಕ್ ಒತ್ತಿದಾಗ ಏನೋ ಕಿರುಗುಡುತ್ತದೆ, ಬಂದು ಕೇಳಿಸಿಕೊಳ್ಳಿ ಎಂದು ನಾನು ಕರೆದೆ. ಸೋಮವಾರ ನೋಡೋಣ, ಬಿಟ್ಟು ಹೋಗಿ ಎಂದರು. ಆಗ ಅಬ್ದೊನ್, "ನಿನ್ನ ಕೈಕೆಲಸ ತಾನೇ ಮೇಸ್ತ್ರಿ? ಹೋಗಿ ಕೂತ್ಕೊಳಯ್ಯ, ಏನು ಭಯಾನಾ?" ಎಂದರು. ಅಷ್ಟು ಜನರ ಮುಂದೆ ಒಲ್ಲೆ ಎನ್ನಲಾಗದೆ ಒಲ್ಮೆದೊ ನನ್ನ ಬಲಗಡೆ ಕೂತರು. ಬೆಲ್ಟ್ ಹಾಕಲಿಲ್ಲ. ಗಾಡಿ ಟಿಣ್ ಟಿಣ್ ಎಂದು ಎಚ್ಚರಿಸುತ್ತಲೇ ಇತ್ತು.

ಚೌಕ ಸುತ್ತಿ ವಾಪಸಾಗುತ್ತೇನೆಂದು ಅವರು ಎಣಿಸಿದ್ದರು. ನಾನು ಇಳಿಜಾರಿನ ರಸ್ತೆಗೆ ತಿರುಗಿಸಿದೆ. ಎಲ್ಲಿಗೆ ಎಂದು ಕೇಳಿದರು. ಇಳಿಯುವಾಗಲೇ ಸದ್ದು ಬರುವುದು ಎಂದೆ. ವೇಗ ಎಲ್ಲೂ ಗಂಟೆಗೆ 40 ಕಿಲೋಮೀಟರ್ ದಾಟಲಿಲ್ಲ. ಪ್ರತಿ ತಿರುವಿಗೂ, ಬೇಕಿಲ್ಲದಿದ್ದರೂ, ಬ್ರೇಕನ್ನು ದೀರ್ಘವಾಗಿ ಒತ್ತಿದೆ. ಐದನೇ ಕಿಲೋಮೀಟರಿನಲ್ಲಿ ಅವರು, "ಕೆಳಗಿನ ಗೇರಿಗೆ ಹಾಕಿ, ಬ್ರೇಕ್ ಮೇಲೇ ಇಳಿಸ್ಬೇಡಿ," ಎಂದರು.

"ಯಾಕೆ ಮೇಸ್ತ್ರಿ? ಹೊಸ ಪ್ಯಾಡ್ ಅಲ್ವಾ?" ಎಂದೆ.

ಅವರು ಬೆಲ್ಟ್ ಹಾಕಿಕೊಂಡರು. ಟಿಣ್ ಟಿಣ್ ನಿಂತಿತು.

ಎಂಟನೇ ಕಿಲೋಮೀಟರಿನ ಬಳಿ ಪಿಯೆದಾದ್ ಮಾತಾಡಿದಳು. "ಇಲ್ಲೇ ಅಮ್ಮ ಏನೋ ಸುಟ್ಟ ವಾಸನೆ ಬರ್ತಿದೆ ಅಂದ್ಲು," ಎಂದಳು. ಇನ್ನಷ್ಟು ಕೆಳಗೆ, "ಇಲ್ಲಿ ಪೆಡಲ್ ಮೆತ್ತಗಾಯ್ತು. ನಾನು ಒತ್ತಿದ್ದು ಬ್ರೇಕೇ, ಅಕ್ಕ. ಎರಡು ಕಾಲಲ್ಲೂ ಒತ್ತಿದೆ," ಎಂದಳು. ಹದಿನಾಲ್ಕು ತಿಂಗಳಲ್ಲಿ ಈ ವಿಷಯವಾಗಿ ಅವಳು ಆಡಿದ ಮೊದಲ ಮಾತು ಇದು. ಗಾಡಿಯೊಳಗೆ ಬೇರೆ ಯಾವ ಸದ್ದೂ ಇರಲಿಲ್ಲ.

ಒಲ್ಮೆದೊ ನಿಲ್ಲಿಸಿ ಎಂದರು. ನಾನು ನಿಲ್ಲಿಸಲಿಲ್ಲ. ತಾಯಿ ಹೋದ ತಿರುವಿಗೆ 200 ಮೀಟರ್ ಇರುವಾಗ ನಾನು ಪೆಡಲಿನ ಮೇಲೆ ಪಾದ ಆಡಿಸಿ, "ಮೆತ್ತಗಾಗ್ತಿದೆ ಮೇಸ್ತ್ರಿ," ಎಂದೆ. ಇದು ಸುಳ್ಳು. ಪೆಡಲ್ ಗಟ್ಟಿಯಾಗಿಯೇ ಇತ್ತು. ಇಡೀ ಘಟನೆಯಲ್ಲಿ ನಾನು ಆಡಿದ ಸುಳ್ಳು ಈ ಒಂದು ಮತ್ತು ಕಿರುಗುಡುವ ಸದ್ದಿನದು. ಪಾದ ಎತ್ತಿದೆ. ವೇಗ 19ರಿಂದ 24ಕ್ಕೆ ಏರಿತು.

ಆಗ ಅವರು ಎರಡೂ ಕೈಯನ್ನು ಡ್ಯಾಶ್‌ಬೋರ್ಡಿಗೆ ಆನಿಸಿ, "ಹಳೇವೇ ಇರೋದು! ಹಳೇ ಪ್ಯಾಡೇ ಹಾಕಿದ್ದು ಕಣ್ರೀ! ಗೇರು, ಗೇರು ಇಳಿಸಿ!" ಎಂದು ಕೂಗಿದರು.

"ಅಮ್ಮನ ಗಾಡಿಗೂ ಹಳೇವೇನಾ?" ಎಂದು ನಾನು ಕೇಳಿದೆ.

ಅವರು ನನ್ನನ್ನು ನೋಡಿದರು. ಹಿಂದೆ ತಿರುಗಿ ಪಿಯೆದಾದ್‌ಳನ್ನು ನೋಡಿದರು. ಬೆಲ್ಟ್ ಬಿಚ್ಚಿ, ಬಾಗಿಲ ಹಿಡಿ ಎಳೆದು ಹಾರಿದರು. ಆಗ ವೇಗ 26 ಇತ್ತು. ನಾನು ಬ್ರೇಕ್ ಒತ್ತಿದೆ. ಗಾಡಿ ಸುಮಾರು 7 ಮೀಟರಿನಲ್ಲಿ ನಿಂತಿತು. ಬಾಗಿಲಿಗೆ ಬೀಗ ಹಾಕಿ ಅಪಹರಿಸಿದೆನೆಂದು ದೂರಿನಲ್ಲಿದೆ. ಈ ಗಾಡಿಯ ಬೀಗ ಚಲಿಸುವಾಗ ತಾನಾಗಿ ಬೀಳುತ್ತದೆ, ಒಳಗಿನಿಂದ ಹಿಡಿ ಎಳೆದರೆ ತಾನಾಗಿ ತೆರೆಯುತ್ತದೆ.

ಅವರು ಬಂಡೆಯ ಬುಡದಲ್ಲಿ ಬಿದ್ದಿದ್ದರು. ಬಲಗೈ ಮಣಿಕಟ್ಟು ಮುರಿದಿತ್ತು, ಭುಜದ ಕೀಲು ಜಾರಿತ್ತು. ನನಗೆ ಕನಿಕರ ಬರಲಿಲ್ಲ. ಎದುರು ನಿಂತು ನೋಡಿದೆ, ಎಷ್ಟು ಹೊತ್ತು ಎಂದು ಹೇಳಲಾರೆ. ಅಲ್ಲಿ ಫೋನ್ ಸಿಗ್ನಲ್ ಇರಲಿಲ್ಲ. ಇದ್ದಿದ್ದರೂ ನಾನು ತಕ್ಷಣ ಕರೆ ಮಾಡುತ್ತಿದ್ದೆ ಎಂದು ಪ್ರಮಾಣ ಮಾಡಲಾರೆ.

"ಎತ್ತು ಅಕ್ಕ, ಕಾಲು ಹಿಡ್ಕೋ," ಎಂದವಳು ಪಿಯೆದಾದ್. ಇಬ್ಬರೂ ಸೇರಿ ಅವರನ್ನು ನಡುವಿನ ಸಾಲಿನಲ್ಲಿ ಮಲಗಿಸಿದೆವು. ಆಮೇಲೆ ಅವಳು ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಚಾಲಕಿಯ ಸೀಟಿನಲ್ಲಿ ಕೂತಳು. ಬೇಡವೆನ್ನಲು ನನ್ನಿಂದಾಗಲಿಲ್ಲ. ಕೀಲಿ ಎಲ್ಲಿ ಎಂದಳು. ಗುಂಡಿ ತೋರಿಸಿದೆ. ಅಲ್ಲಿಂದ ಬಾಲ್ಸಾಪಂಬಾದ ಆರೋಗ್ಯ ಕೇಂದ್ರದವರೆಗೆ ಉಳಿದ ಇಳಿಜಾರನ್ನು ಪೂರ್ತಿ ಅವಳೇ ಓಡಿಸಿದಳು. ಒಂದು ತಿರುವಿನಲ್ಲೂ ತಪ್ಪಲಿಲ್ಲ.

ಅವಳು ಬ್ರೇಕ್ ಮುಟ್ಟಿದಾಗಲೆಲ್ಲ ಹಿಂದಿನಿಂದ ಒಲ್ಮೆದೊ ಚೀರುತ್ತಿದ್ದರು, ಮಾತೆ ಮರಿಯಳನ್ನು ಕರೆಯುತ್ತಿದ್ದರು. ಪ್ಯಾಡುಗಳನ್ನು ಬದಲಾಯಿಸಿಯಾಗಿದೆ ಎಂದು ನಾನು ಒಂದು ಮಾತು ಹೇಳಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಆರೋಗ್ಯ ಕೇಂದ್ರದ ಬಾಗಿಲು ತಲುಪುವವರೆಗೆ ಹೇಳಲಿಲ್ಲ. ಇಪ್ಪತ್ತೊಂಬತ್ತು ನಿಮಿಷ. ಇದು ಅಪರಾಧವಾದರೆ ಅಪರಾಧವೆಂದೇ ಬರೆದುಕೊಳ್ಳಿ.

ಗಾಡಿಯಲ್ಲಿ ತಾನು ಏನನ್ನೂ ಒಪ್ಪಿಕೊಂಡಿಲ್ಲ, ಅಕ್ಕತಂಗಿಯರು ಸೇರಿ ಕಟ್ಟಿದ ಕತೆ ಎಂದು ಅವರು ದೂರಿನಲ್ಲಿ ಬರೆಸಿದ್ದಾರೆ. ಹಾಗೆಯೇ ಇರಲಿ, ನಮ್ಮ ಮಾತನ್ನು ನಂಬಬೇಡಿ. ಹೊಸ ಪ್ಯಾಡನ್ನು ಕೈಯಾರೆ ಹಾಕಿದ್ದೇನೆ, ಕಣ್ಣು ಮುಚ್ಚಿ ಓಡಿಸಿ ಎಂದ ಮನುಷ್ಯ, ಗಂಟೆಗೆ 26 ಕಿಲೋಮೀಟರ್ ವೇಗದ ಗಾಡಿಯಿಂದ ಬಂಡೆಯ ಮೇಲೆ ಯಾಕೆ ಹಾರಿದ ಎಂಬುದನ್ನು ಮಾತ್ರ ಅವನ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಮೇಲೆ ಬರೆಸಿದ್ದನ್ನು ನನಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ. ಒಂದು ಕಡೆ ಮಾತ್ರ ತಿದ್ದಿಸಿದ್ದೇನೆ. "ಕೋಪದ ಭರದಲ್ಲಿ" ಎಂದು ಬರೆದಿದ್ದನ್ನು ಹೊಡೆಸಿದ್ದೇನೆ. ಭರದಲ್ಲಿ ಮಾಡಿದ್ದಲ್ಲ.

ಸ್ಥಳ: ಸಾನ್ ಮಿಗೆಲ್
ದಿನಾಂಕ: 20-05-2024, ಬೆಳಿಗ್ಗೆ 11.45
(ಸಹಿ) ಲುಸಿಲಾ ವೆರ್ದೆಸೊಟೊ ಗಾಯ್ಬೊರ್