ಮಕ್ಕಳ ಸಂತಿ

ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಸತ್ತೆವ್ವನ ಬಾಜೂಕ್ಕೆ ಸಾಲಿ ಟೀಚರೊಬ್ಬಳು ಕೂತಿದ್ದಳು. ತೊಡೆಯ ಮೇಲೆ ಹೊಸ ಆಟದ ತಕ್ಕಡಿಗಳ ಚೀಲ. ಕಾಯಿಪಲ್ಲೆ ಬುಟ್ಟಿ ಇಳಿಸಿ ಒಬ್ಬ ಗಂಡಸು ಆಕೆಗೆ ನಕ್ಕು ಕೈಮುಗಿದ. ಬ್ಯಾಡವೆಂದರೂ ಅವರ ಮಾತು ಸತ್ತೆವ್ವನ ಕಿವಿಗೆ ಬೀಳುತ್ತಲೇ ಇತ್ತು.

"ಬಾಳೇಶಣ್ಣ, ನಿಮ್ಮ ಕಾಜಲ್ ಯಾಕ ಸಾಲಿಗಿ ಬರವಲ್ಲಳು?"

"ಬಿಡಿಸೇನ್ರಿ ಸುಮಯ್ಯಾ ಟೀಚರ. ಮೂಡಲಗಿ ಸಂತ್ಯಾಗ ಈಗ ಆಕೀನ ಕುಂತು ಮಾರತಾಳ."

"ಇನ್ನೂ ಆರನೇ ಇಯತ್ತೆ ಹುಡುಗಿ ಐತ್ರಿ ಅದು!"

"ನೀವ ತಯಾರ ಮಾಡಿದ್ದಲ್ಲರಿ? ಹ್ವಾದ ವರ್ಸ ಸಾಲ್ಯಾಗ ಮಕ್ಕಳ ಸಂತಿ ಮಾಡಿದ್ರಿ. ಎಲ್ಲಾರಕಿಂತ ಮೊದಲ ಬದನಿಕಾಯಿ ಮಾರಿ ಬುಟ್ಟಿ ಖಾಲಿ ಮಾಡಿದ್ಲು. ನಾ ನೋಡಕೋತ ನಿಂತಬಿಟ್ಟೆ."

"ಅದು ಲೆಕ್ಕ ಕಲಸಾಕ ಆಡಿಸಿದ ಆಟರಿ. ಲೆಕ್ಕ ಅಂದ್ರ ಅಳತಿದ್ಲು ಆಕಿ."

"ಈಗ ಅಳೂದಿಲ್ಲ ಬಿಡ್ರಿ. ನಿಮ್ಮ ಉಪಕಾರ ಮರಿಯಾಂಗಿಲ್ಲ."

"ಸಾಲಿ ನೆನಸತಾಳೇನ್ರಿ?"

"ಗಿರಾಕಿ ಇರದಾಗ ಒಬ್ಬಾಕೀನ ಸಾಲಿ ಆಟ ಆಡತಾಳ್ರಿ. ಬದನಿಕಾಯಿ ಸಾಲಾಗಿ ಕುಂದರಿಸಿ ಹಾಜರಿ ಕರೀತಾಳ."

ಕುಲಗೋಡ ಬಸ್ಸು ಬಂತು. ಬಾಳೇಶ ಬುಟ್ಟಿ ಎತ್ತಿಕೊಂಡು ಹೊರಟವನು ತಿರುಗಿ ಕೇಳಿದ:

"ನನ್ನ ಸಣ್ಣ ಮಗಳು ಈಗ ನಿಮ್ಮ ಕ್ಲಾಸಿಗಿ ಬಂದಾಳ್ರಿ. ಈ ವರ್ಸ ಮಕ್ಕಳ ಸಂತಿ ಯಾವಾಗ್ರಿ?"

ಟೀಚರು ತಕ್ಕಡಿಗಳ ಮೇಲೆ ಸೆರಗು ಎಳೆದುಕೊಂಡದ್ದನ್ನು ಸತ್ತೆವ್ವ ನೋಡಿದಳು.

"ಈ ವರ್ಸ ಸಂತಿ ಇಲ್ರಿ."