ಮಾವನ ಚೀಲದ ನೀಲಿ ಬಾಟಲಿ

ಪ್ರವಾಸಿ ಹಡಗು ಹತ್ತುವವರ ಸಾಲು ಆಮೆಯ ಹಾಗೆ ತೆವಳುತ್ತಿತ್ತು. ತಪಾಸಣೆಯ ಯಂತ್ರ ಚೀಲಗಳನ್ನು ಒಂದೊಂದಾಗಿ ನುಂಗಿ ಉಗುಳುತ್ತಿತ್ತು. ಸಾಲಿನಲ್ಲಿದ್ದ ಮುದಿ ದಾದಿಯ ಮುಂದೆ ಗಂಡ ಹೆಂಡತಿ ಪಿಸುಗುಟ್ಟುತ್ತಿದ್ದರು. ಬೇಡವೆಂದರೂ ಅವಳ ಕಿವಿಗೆ ಬೀಳುತ್ತಿತ್ತು.

“ಬಾಯಿ ಮುಕ್ಕಳಿಸೋ ನೀಲಿ ಬಾಟ್ಲಿ ಎಲ್ಲಿಟ್ಟೆ?”

“ನಮ್ಮ ಚೀಲದಲ್ಲಿ ಜಾಗ ಎಲ್ಲಿತ್ತು? ಮಾವನ ಚೀಲಕ್ಕೆ ತುರುಕ್ದೆ.”

“ಅಪ್ಪನ ಚೀಲಕ್ಕಾ? ಕೆಟ್ಟೆ!”

“ಯಾಕ್ರೀ, ಮುಖ ಸುಣ್ಣ ಬಳಿದಂಗಾಯ್ತು? ಅವ್ರೂ ಮುಕ್ಕಳಿಸ್ಲಿ ಬಿಡಿ.”

“ಅದ್ರಲ್ಲಿರೋದು ವೋಡ್ಕಾ ಕಣೇ. ಹಡಗಿಗೆ ಹೊರಗಿನ ಮದ್ಯ ಬಿಡಲ್ಲ ಅಂತ ಬಣ್ಣ ಕಲಸಿ ತುಂಬಿದ್ದೆ.”

“ಅಯ್ಯೋ ದೇವ್ರೇ! ಮಾವ ಮತ್ತೆ ಕುಡಿದ್ರೆ ಲಿವರ್ ಉಳಿಯಲ್ಲ ಅಂತ ಡಾಕ್ಟ್ರು ನಿಮ್ಮೆದುರೇ ಹೇಳಿಲ್ವಾ?”

“ಮೆಲ್ಲಗೆ ಮಾತಾಡು!”

“ಏನು ಮೆಲ್ಲಗೆ? ಅತ್ತೆ ಹೋದ್ಮೇಲೆ ಅವ್ರ ಕುಡಿತ ಬಿಡಿಸೋಕೆ ಎಷ್ಟು ಒದ್ದಾಡಿದ್ವಿ! ರುಚಿ ಹತ್ತಿದ್ರೆ ನಾಲಿಗೆ ಕೇಳತ್ತಾ?”

“ಯಂತ್ರದಲ್ಲಿ ಸಿಕ್ಕಿಬೀಳತ್ತೆ. ಕಿತ್ಕೋತಾರೆ, ಸುಮ್ನಿರು.”

“ಯಾವಾಗ್ಲೋ ದಾಟಿ ಹೋಯ್ತು. ವಯಸ್ಸಾದೋರು ಮೊದ್ಲು ಹೋಗ್ಲಿ ಅಂತ ಕಳ್ಸಿದ ಪುಣ್ಯಾತ್ಮ ನೀವೇ ಅಲ್ವಾ?”

“ಫೋನ್ ಮಾಡೇ, ಬೇಗ!”

ಹೆಂಡತಿ ಎಳೆದ ರಭಸಕ್ಕೆ ಫೋನು ಕೈಜಾರಿ ಬಿತ್ತು. ದಾದಿಯೇ ಎತ್ತಿಕೊಟ್ಟಳು.

“ಹಲೋ ಮಾವಾ, ಎಲ್ಲಿದೀರಿ? ರೂಮಲ್ಲಾ? ಬಾಯಿ ಮುಕ್ಕಳಿಸ್ತಿದೀರಾ? ಯಾವ ಬಾಟ್ಲೀದು ಮಾವಾ?”

ಗಂಡ ಚೀಲಗಳನ್ನು ಅಲ್ಲೇ ಬಿಟ್ಟು, ಅಡ್ಡ ಕಟ್ಟಿದ್ದ ಹಗ್ಗದಡಿ ನುಸುಳಿ ಹಡಗಿನತ್ತ ಓಡಿದ. ಹೆಂಡತಿಯೂ ಅವನ ಹಿಂದೆ ಓಡಿದಳು. ಕಾವಲಿನವನ ಕೂಗನ್ನೂ ಮೀರಿ ಅವಳ ದನಿ ದೂರದಿಂದ ಕೇಳುತ್ತಿತ್ತು:

“ನುಂಗ್ಬೇಡಿ ಮಾವಾ! ಉಗೀರಿ! ನಿಮ್ಮ ಕಾಲಿಗೆ ಬೀಳ್ತೀನಿ, ಉಗೀರಿ!”