ಬಾಯಿ ಕಟ್ಟಿದ ಸೀಟು

ಬಸ್ ನಿಲ್ದಾಣದ ಬೆಂಚಿನ ಮೇಲೆ ಬಟ್ಟೆಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ದರ್ಜಿಯಮ್ಮನಿಗೆ ಬೇರೆಯವರ ಮಾತು ಕದ್ದು ಕೇಳುವ ಚಟವೇನೂ ಇರಲಿಲ್ಲ. ಆದರೆ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ಡ್ರೈವರ್ ಮತ್ತು ಕಂಡಕ್ಟರ್ ಊರಿಗೇ ಕೇಳುವಂತೆ ಮಾತಾಡುತ್ತಿದ್ದರೆ ಕಿವಿಗೆ ಬಾಗಿಲು ಹಾಕುವುದು ಹೇಗೆ?

“ಏನಣ್ಣಾ, ನಿನ್ನ ಹೊಸ ಸೀಟು ಹೇಗಿದೆ?” ಎಂದ ಕಂಡಕ್ಟರ್.

“ಮಹಾ ಬುದ್ಧಿವಂತ ಸೀಟು ಕಣಯ್ಯಾ. ಕ್ಯಾಮೆರಾ ಇಲ್ಲ, ಮೈಗೆ ವೈರೂ ಇಲ್ಲ. ನಾನು ಕೂತಿರೋ ರೀತಿಯಲ್ಲೇ ಸುಸ್ತು ಕಂಡುಹಿಡಿಯುತ್ತೆ.”

“ಕಂಡುಹಿಡಿದು?”

“ಕುಂಯ್ ಅನ್ನುತ್ತೆ. ಡಿಪೋಗೂ ಸುದ್ದಿ ಹೋಗುತ್ತೆ. ಹೋದ ವಾರವೆಲ್ಲ ಕೂಗಿದ್ದೇ ಕೂಗಿದ್ದು.”

“ಹಾಗಾದ್ರೆ ರಜೆ ಕೊಟ್ರಾ?”

“ಮೆಕ್ಯಾನಿಕ್‌ನ ಕಳಿಸಿದ್ರು. ಸೀಟು ಕೆಟ್ಟಿದೆ, ರಿಪೇರಿ ಮಾಡು ಅಂತ.”

“ಥೂ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!”

“ಅವನು ಅದರ ಬಾಯಿ ಕಟ್ಟಿ ಹೋದ. ಈಗ ನಾನು ಗೊರಕೆ ಹೊಡೆದ್ರೂ ಅದು ಉಸಿರೆತ್ತಲ್ಲ.”

“ಡಿಪೋ ಸಾಹೇಬ್ರು ಏನಂದ್ರು?”

“ಗೋಡೆಗೆ ಬೋರ್ಡು ಹಾಕ್ಸಿದಾರೆ. ನಮ್ಮ ಡಿಪೋದಲ್ಲಿ ದಣಿದ ಡ್ರೈವರೇ ಇಲ್ವಂತೆ.”

“ಒಂದಿನ ಆ ಸೀಟಲ್ಲಿ ಅವರನ್ನೇ ಕೂರಿಸ್ಬೇಕು.”

“ಕೂತಿದ್ರಲ್ಲ, ಉದ್ಘಾಟನೆ ದಿನ. ಬಸ್ಸು ನಿಂತಿತ್ತು. ಆಹಾ, ಮೆತ್ತಗಿದೆ ಅಂದ್ರು.”

ಡ್ರೈವರ್ ದವಡೆ ಕಳಚುವಂತೆ ಆಕಳಿಸಿ, ಲೋಟ ಇಟ್ಟು, ಎದುರಿಗೆ ನಿಂತಿದ್ದ ಬಸ್ಸು ಹತ್ತಿದ. ಕಂಡಕ್ಟರ್ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದ.

“ಅಮ್ಮಾ, ಆಗಿನಿಂದ ಇದೇ ಬಸ್ಸಿಗೆ ಕಾಯ್ತಿದ್ರಲ್ಲ, ಹತ್ತಿ!”

ದರ್ಜಿಯಮ್ಮ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

“ನಿಮ್ಮ ಸಾಹೇಬ್ರು ಹತ್ತಿದ ದಿನ ನಾನೂ ಹತ್ತುತ್ತೀನಿ, ನೀನು ಹೋಗಪ್ಪಾ.”